ಪುಸ್ತಕ ಮುಚ್ಚಿದ ಮೇಲೆ ತೊಡಗುವ ಓದು

ವಾಸ್ಕೋದ ಬೈನಾ, ಝುವಾರಿನಗರ, ಮಡಗಾಂವ, ಮಾಪ್ಸಾ. ಗೋವೆಯಲ್ಲಿ ಕನ್ನಡಿಗರು ನೆಲೆಸಿರುವ ಯಾವ ಓಣಿಯಲ್ಲಾದರೂ ಒಂದು ಕ್ರೈಸ್ತ ಮನೆಯನ್ನು ಊಹಿಸಿಕೊಳ್ಳೋಣ. ಸಂಜೆಯ ಹೊತ್ತು. ಗಾರೆ ಕೆಲಸದ ಮೇಸ್ತ್ರಿಯಾದ ತಂದೆ ಕೈಕಾಲು ತೊಳೆದುಕೊಂಡು ಚಾಪೆಯ ಮೇಲೆ ಕುಳಿತಿದ್ದಾನೆ. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ಇಬ್ಬರಿಗೂ ಅಕ್ಷರ ಬಾರದು. ಕನ್ನಡ ಶಾಲೆಯ ಆರನೆಯ ತರಗತಿಯಲ್ಲಿ ಓದುವ ಮಗಳು ಸತ್ಯವೇದವನ್ನು ಬಿಡಿಸಿ, ಸಾಲಿನ ಕೆಳಗೆ ಬೆರಳಿಟ್ಟು, ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಾಳೆ. ಹಳೆಯ ಗ್ರಂಥಭಾಷೆ, ಅಲ್ಲಲ್ಲಿ ನಾಲಿಗೆ ತೊಡರುತ್ತದೆ. ತಾಯಿ ರೊಟ್ಟಿ ತಿರುವಿ ಹಾಕುತ್ತ ಕೇಳುತ್ತಾಳೆ: “ಹಂಗಂದ್ರ ಏನವಾ?”

ಮಗಳು ಒಂದು ಕ್ಷಣ ಯೋಚಿಸಿ ಹೇಳುತ್ತಾಳೆ: “ಕೂಲಿ ಮಾಡಿದವ್ರಿಗೆ ಅವತ್ತಿನ ಪಗಾರ ಹೊತ್ತು ಮುಳುಗೂದ್ರಾಗ ಕೊಡಬೇಕಂತ. ಅವ್ರು ಬಡವ್ರು, ಅದರ ಮ್ಯಾಲೇ ಜೀವಾ ಇಟ್ಕೊಂಡಿರ್ತಾರಂತ. ನಮ್ಮವ್ರಿರ್ಲಿ, ಪರದೇಶದವ್ರಿರ್ಲಿ, ಎಲ್ಲಾರಿಗೂ ಹಂಗ ಕೊಡಬೇಕಂತ.”

ತಂದೆ ಮಾತಾಡುವುದಿಲ್ಲ. ಅವನ ಕೈಕೆಳಗೆ ಇಬ್ಬರು ಹುಡುಗರು ದುಡಿಯುತ್ತಾರೆ. ಕಳೆದ ಶನಿವಾರದ ಬಟವಾಡೆ ಅವರಿಗೆ ಇನ್ನೂ ಮುಟ್ಟಿಲ್ಲ. ಗುತ್ತಿಗೆದಾರರಿಂದ ಹಣ ಬಂದಿದೆ. ಊರಿನ ಸಾಲದ ಕಂತು ಅಡ್ಡ ಬಂದಿದೆ. ಮಗಳು ಪುಸ್ತಕ ಮುಚ್ಚಿ ಕಪಾಟಿನ ಮೇಲಿಡುತ್ತಾಳೆ. ಪ್ರಾರ್ಥನೆ ಮುಗಿಯುತ್ತದೆ, ಊಟಕ್ಕೆ ಕರೆ ಬರುತ್ತದೆ.

ಆ ದಿನದ ಓದು ಅಲ್ಲಿಗೆ ಮುಗಿಯಿತೇ? ಅಥವಾ ತೊಡಗಿದ್ದೇ ಅಲ್ಲಿಂದಲೇ? ದಿನನಿತ್ಯದ ಶಾಸ್ತ್ರವಾಚನವನ್ನು ಬಾಳಿಗೆ ಅನ್ವಯಿಸಿಕೊಳ್ಳುವುದೆಂದರೆ ಏನು ಎಂಬ ಪ್ರಶ್ನೆಯು ನಿಜವಾಗಿ ಹುಟ್ಟುವುದು ಈ ಮೌನದಲ್ಲಿ.

ಓದುವ ಮಗು, ಕೇಳುವ ಮನೆ

ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಈ ಗ್ರಂಥವು ಕನ್ನಡಕ್ಕೆ ಸುಲಭವಾಗಿ ಬಂದುದಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, ಅನುವಾದದ ಕೆಲಸವನ್ನು ಕೈಗೆತ್ತಿಕೊಂಡರು. ಸುಮಾರು ಎರಡು ದಶಕಗಳ ದುಡಿಮೆಯ ಬಳಿಕ, 1830ರ ದಶಕದ ಆರಂಭಕ್ಕೆ, ಇಡೀ ಬೈಬಲ್ ಕನ್ನಡದಲ್ಲಿ ಓದಲು ಸಿಕ್ಕಿತು. 1834ರ ಅಕ್ಟೋಬರ್ ತಿಂಗಳಿನಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ ಎಂದು ಅವರ ಠಾಣೆಗಳು ಬೆಳೆದವು. ಗೋವೆಯಲ್ಲಿರುವ ನಮ್ಮಲ್ಲಿ ಅನೇಕರ ತವರೂರು ಇದೇ ಸೀಮೆ.

ಈ ಮಿಷನರಿಗಳು ಹೋದೆಡೆಯಲ್ಲೆಲ್ಲ ಪ್ರಾರ್ಥನಾಮಂದಿರದ ಪಕ್ಕದಲ್ಲಿ ಶಾಲೆಯನ್ನೂ ತೆರೆದರು, ಹೆಣ್ಣುಮಕ್ಕಳಿಗೂ ತೆರೆದರು. ಕಾರಣ ಸರಳವಾಗಿತ್ತು. ಅವರು ಬೆಳೆದುಬಂದ ಜರ್ಮನಿಯ ಪಯಟಿಸ್ಟ್ ಪರಂಪರೆಯಲ್ಲಿ ಪ್ರತಿಯೊಬ್ಬ ವಿಶ್ವಾಸಿಯೂ ಶಾಸ್ತ್ರವನ್ನು ತನ್ನ ಕಣ್ಣಿನಿಂದಲೇ ಓದಬೇಕಾಗಿತ್ತು. ಆ ಪರಂಪರೆಯ ಮೂಲಪುರುಷನಾದ ಫಿಲಿಪ್ ಯಾಕೋಬ್ ಸ್ಪೆನರ್ 1670ರಲ್ಲಿ ಫ್ರಾಂಕ್‌ಫರ್ಟಿನ ತನ್ನ ಮನೆಯಲ್ಲಿಯೇ ಜನರನ್ನು ಕೂಡಿಸಿ ಓದು, ಚರ್ಚೆಗಳನ್ನು ನಡೆಸತೊಡಗಿದ್ದನು. ಓದಿದ್ದು ನಡತೆಗೆ ಇಳಿಯದಿದ್ದರೆ ಆ ಭಕ್ತಿ ಒಣಗಿದ್ದೆಂದು ಅವನ ನಂಬಿಕೆ. ಅಕ್ಷರ ಬಾರದವರಿಗೆ ಅಂಥ ಓದು ಎಲ್ಲಿಂದ ಬರಬೇಕು? ಆದ್ದರಿಂದ ಅಕ್ಷರ, ಅಚ್ಚುಕೂಟ, ನಿಘಂಟು ಒಂದರ ಹಿಂದೊಂದು ಬಂದವು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. 1894ರಲ್ಲಿ ಫರ್ಡಿನೆಂಡ್ ಕಿಟ್ಟೆಲ್ಲರ ನಿಘಂಟು ಹೊರಬಂದಿತು. ಇವುಗಳ ಪ್ರಯೋಜನವನ್ನು ಎಲ್ಲ ಮತದ ಕನ್ನಡಿಗರೂ ಉಂಡಿದ್ದೇವೆ.

ಅಂದು ಶಾಲೆ ಮಾಡಿದ ಕೆಲಸವನ್ನು ಇಂದು ನಮ್ಮ ಓಣಿಗಳಲ್ಲಿ ಮಗು ಮಾಡುತ್ತಿದೆ. ಅಪ್ಪ ಅವ್ವಂದಿರು ಕೇಳುಗರು, ಮಗುವೇ ವಾಚಕ. ಇದು ಮನೆಯ ಕ್ರಮವನ್ನು ಮೆಲ್ಲಗೆ ತಲೆಕೆಳಗು ಮಾಡುತ್ತದೆ. ಬುದ್ಧಿ ಹೇಳಬೇಕಾದವರು ಕೇಳುತ್ತ ಕುಳಿತಿದ್ದಾರೆ. ಕೇಳಬೇಕಾದ ಮಗು ಓದಿ ಹೇಳುತ್ತಿದೆ. ಹಾಗಾಗಿ ಅದು ಓದಿದ ಮಾತಿಗೆ ಮನೆ ಹೇಗೆ ನಡೆದುಕೊಂಡಿತು ಎಂಬುದಕ್ಕೂ ಆ ಮಗುವೇ ಸಾಕ್ಷಿಯಾಗುತ್ತದೆ.

ಗೋವೆಯ ನೆಲದಲ್ಲಿಯೇ ಒಂದು ಪಾಠ

ಕೇಳಿದ್ದು ತಿಳಿಯಬೇಕು, ತಿಳಿಯಬೇಕಾದರೆ ಅದು ಮನೆಯ ಭಾಷೆಯಲ್ಲಿರಬೇಕು. ಈ ಸತ್ಯಕ್ಕೆ ನಾವು ನಿಂತಿರುವ ಗೋವೆಯ ನೆಲವೇ ನಾಲ್ಕು ಶತಮಾನಗಳ ಹಿಂದೆ ಸಾಕ್ಷಿಯಾಗಿತ್ತು. 1579ರಲ್ಲಿ ಗೋವೆಗೆ ಬಂದ ಇಂಗ್ಲೆಂಡಿನ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಸಾಸಷ್ಟಿಯ ಹಳ್ಳಿಗಳಲ್ಲಿ ಬಾಳಿ, ಕೊಂಕಣಿ ಮರಾಠಿಗಳನ್ನು ಕಲಿತು, ‘ಕ್ರಿಸ್ತಪುರಾಣ’ವನ್ನು ರಚಿಸಿದನು. ಅದು 1616ರಲ್ಲಿ ರಾಯ್ತೂರಿನಲ್ಲಿ ಅಚ್ಚಾಯಿತು. ಹತ್ತು ಸಾವಿರಕ್ಕೂ ಮಿಕ್ಕ ಓವಿಗಳ ಆ ಕೃತಿಯಲ್ಲಿ ಕೇಳುಗರು ನಡುನಡುವೆ ಪ್ರಶ್ನೆ ಕೇಳುತ್ತಾರೆ, ಗುರುವು ನಿಲ್ಲಿಸಿ ಉತ್ತರ ಹೇಳುತ್ತಾನೆ. ಪುರಾಣಶ್ರವಣದ ರೂಢಿಯಿದ್ದ ಜನರಿಗೆ ಅವರದೇ ಛಂದಸ್ಸಿನಲ್ಲಿ, ಅವರ ಕಿವಿಗೆ ಒಗ್ಗುವ ಮಾತಿನಲ್ಲಿ ಕಥೆ ಹೇಳಿದ್ದರಿಂದ ಅದು ಊರೂರಿಗೆ ಹಬ್ಬಿತು.

ಆದರೆ 1684ರಲ್ಲಿ ಪೋರ್ಚುಗೀಸ್ ವೈಸರಾಯ್ ಆಳ್ವೋರಿನ ಕೌಂಟ್ ಹೊರಡಿಸಿದ ಆಜ್ಞೆಯು, ಜನರು ಮೂರು ವರ್ಷಗಳೊಳಗೆ ತಮ್ಮ ನುಡಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ವಿಧಿಸಿತು. ಮನೆಯ ಭಾಷೆಯನ್ನು ಆಜ್ಞೆಯಿಂದ ಅಳಿಸಲಾಗಲಿಲ್ಲವೆಂಬುದಕ್ಕೆ ಇಂದಿನ ಕೊಂಕಣಿಯೇ ಸಾಕ್ಷಿ. ಗೋವೆಯ ಚರ್ಚುಗಳಲ್ಲಿ ಈಗ ಕೊಂಕಣಿಯ ವಾಚನಗಳು ಮೊಳಗುತ್ತವೆ. ಅದನ್ನು ಕೇಳಿ ಸಂತೋಷಪಡುವ ನಮಗೂ ಒಂದು ಎಚ್ಚರವಿದೆ. ನಮ್ಮ ಮಕ್ಕಳ ಕನ್ನಡವನ್ನು ಯಾರೂ ಆಜ್ಞೆ ಹೊರಡಿಸಿ ಕಸಿದುಕೊಳ್ಳಬೇಕಾಗಿಲ್ಲ; ಸಂಜೆಯ ಹತ್ತು ನಿಮಿಷದ ಓದು ನಿಂತುಹೋದರೆ ಅದು ತಾನಾಗಿಯೇ ಮರೆಯಾಗುತ್ತದೆ.

ಇಲ್ಲಿ ಕಥೋಲಿಕ ಕುಟುಂಬಗಳಿಗೆ ಉಪಯೋಗವಾಗುವ ಒಂದು ಸಂಗತಿಯನ್ನು ಹೇಳಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶಾಸ್ತ್ರದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ಅಗಲವಾಗಿ ತೆರೆದಿರಬೇಕೆಂದು ಸಾರಿತು. 1969ರಲ್ಲಿ ರೂಪುಗೊಂಡ ವಾಚನಕ್ರಮದಲ್ಲಿ ಭಾನುವಾರದ ಓದುಗಳು ಮೂರು ವರ್ಷಗಳಿಗೊಮ್ಮೆ, ವಾರದ ದಿನಗಳ ಓದುಗಳು ಎರಡು ವರ್ಷಗಳಿಗೊಮ್ಮೆ ಸುತ್ತಿ ಬರುತ್ತವೆ. ಕೊಂಕಣಿಯ ಪೂಜೆಯಲ್ಲಿ ಬೆಳಿಗ್ಗೆ ಅರ್ಧಂಬರ್ಧ ತಿಳಿದ ವಾಚನವನ್ನೇ ಸಂಜೆ ಮಗುವಿನ ಬಾಯಿಂದ ಕನ್ನಡದಲ್ಲಿ ಕೇಳಬಹುದು. ಒಬ್ಬರು ‘ಸುವಾರ್ತೆ’ ಎಂದು, ಇನ್ನೊಬ್ಬರು ‘ಶುಭಸಂದೇಶ’ ಎಂದು ಕರೆದರೂ ಕಥೆ ಒಂದೇ.

ಒಂದು ದಿನಕ್ಕೆ ಒಂದು ಮಾತು

ದಿನಕ್ಕೊಂದು ವಾಕ್ಯವನ್ನು ಹಿಡಿದು ನಡೆಯುವ ಪದ್ಧತಿಯು ಜರ್ಮನಿಯ ಹೆರ್ನ್‌ಹುಟ್ ಎಂಬ ಸಣ್ಣ ಊರಿನಲ್ಲಿ ಗಟ್ಟಿಯಾಯಿತು. ಮತದ ಕಾರಣಕ್ಕೆ ತಾಯ್ನಾಡನ್ನು ತೊರೆದು ಬಂದ ಮೊರಾವಿಯದ ನಿರಾಶ್ರಿತರು ಕಟ್ಟಿಕೊಂಡ ಊರು ಅದು. ಅವರಿಗೆ ಆಶ್ರಯ ಕೊಟ್ಟ ಜಿಂಜೆಂಡಾರ್ಫ್ 1728ರ ಮೇ ತಿಂಗಳಿನಲ್ಲಿ ಮರುದಿನಕ್ಕೆಂದು ಒಂದು ಮಾತನ್ನು ಸಭೆಗೆ ಕೊಟ್ಟನು. ಆ ಬಳಿಕ ಪ್ರತಿದಿನದ ಮಾತನ್ನು ಮನೆಮನೆಗೆ ಮುಟ್ಟಿಸುವ ರೂಢಿ ಬೆಳೆಯಿತು. 1731ರಿಂದ ವರ್ಷಕ್ಕೊಂದು ಪುಸ್ತಕವಾಗಿ ಅದು ಅಚ್ಚಾಗುತ್ತ ಬಂದಿದೆ. ಇಂದು ಹತ್ತಾರು ಭಾಷೆಗಳಲ್ಲಿ ದೊರೆಯುತ್ತದೆ. ಊರು ಬಿಟ್ಟು ಬಂದು ದಿನದ ದುಡಿಮೆಯಲ್ಲಿ ಮುಳುಗಿದವರಿಗೆ ಅಧ್ಯಾಯಗಟ್ಟಲೆ ಓದಲು ಬಿಡುವೆಲ್ಲಿ? ಒಂದು ಮಾತನ್ನು ಬುತ್ತಿಯಂತೆ ಕಟ್ಟಿಕೊಂಡು ಕೆಲಸಕ್ಕೆ ಹೋದರೆ ಸಾಕಾಗಿತ್ತು.

ಅಂಥ ನಿತ್ಯದ ಓದು ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಡೀಟ್ರಿಚ್ ಬಾನ್‌ಹಾಫರನ ಬಾಳು ಒಂದು ನಿದರ್ಶನ. ಹಿಟ್ಲರನನ್ನು ಎದುರಿಸಿದ ಈ ಜರ್ಮನ್ ಪಾದ್ರಿ 1939ರ ಜೂನ್ ತಿಂಗಳಿನಲ್ಲಿ ಅಮೆರಿಕದ ನ್ಯೂಯಾರ್ಕಿಗೆ ಹೋದನು. ಅಲ್ಲಿ ಕೆಲಸ ಸಿದ್ಧವಿತ್ತು, ಪ್ರಾಣಕ್ಕೆ ಅಪಾಯವಿರಲಿಲ್ಲ. ಆದರೆ ಅವನ ಮನಸ್ಸು ನೆಲೆ ನಿಲ್ಲಲಿಲ್ಲ. ಜೂನ್ 26ರಂದು ಅವನ ಓದಿಗೆ ಬಂದದ್ದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯ ಭಾಗ. ಸೆರೆಯಲ್ಲಿದ್ದ ಮುದಿ ಪೌಲನು ತನ್ನ ಶಿಷ್ಯನಿಗೆ ಚಳಿಗಾಲ ಬರುವ ಮೊದಲೇ ಬಂದು ಸೇರೆಂದು ಹೇಳಿಕಳುಹಿಸುವ ಸಾಮಾನ್ಯವಾದ ಮಾತದು. ಬಾನ್‌ಹಾಫರನಿಗೆ ಅದು ತನಗೇ ಬರೆದ ಕಾಗದದಂತೆ ಕಂಡಿತು. ಹೀಗೆ ತನಗೆ ಅನ್ವಯಿಸಿಕೊಳ್ಳುವುದು ಶಾಸ್ತ್ರದ ದುರುಪಯೋಗವಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡು, ಮುಂದಿನ ತಿಂಗಳು ಹಡಗು ಹತ್ತಿ ತನ್ನ ಜನರ ನಡುವೆ ಮರಳಿದನು. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು.

ನಮಗೆ ಅಂಥ ಕಠಿಣ ಕರೆ ಬಾರದಿರಬಹುದು. ಆದರೆ ಅವನ ಓದಿನಲ್ಲಿ ಗಮನಿಸಬೇಕಾದ ಒಂದು ಗುಣವಿದೆ. ಆ ಮಾತು ಅವನಿಗೆ ಅನುಕೂಲವಾದ ದಾರಿಯನ್ನು ತೋರಿಸಲಿಲ್ಲ. ಕಷ್ಟದ ದಾರಿಗೆ ಕರೆಯಿತು. ಕಣ್ಣು ಮುಚ್ಚಿ ಪುಟ ತೆರೆದು, ಬೆರಳಿಟ್ಟ ಸಾಲಿನಲ್ಲಿ ಶಕುನ ಹುಡುಕುವವರಿಗೆ ಸಾಮಾನ್ಯವಾಗಿ ತಮಗೆ ಬೇಕಾದ ಉತ್ತರವೇ ಸಿಗುತ್ತದೆ. ಓದಿನಿಂದ ನಮ್ಮ ಇಷ್ಟಕ್ಕೆ ಒಮ್ಮೆಯೂ ಪೆಟ್ಟು ಬೀಳದಿದ್ದರೆ ನಾವು ಓದುತ್ತಿರುವುದು ನಮ್ಮ ಮನಸ್ಸನ್ನೇ ಇರಬೇಕು.

ಕನ್ನಡಿ ನೋಡಿ ಮುಖ ಮರೆತವನು

ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಒಂದು ಹೋಲಿಕೆಯಿದೆ. ವಾಕ್ಯವನ್ನು ಕೇಳಿ ಅದರಂತೆ ನಡೆಯದವನು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಹೊರಟುಹೋಗಿ, ತಾನು ಹೇಗಿದ್ದೇನೆಂಬುದನ್ನು ಆ ಕ್ಷಣವೇ ಮರೆತವನಂತೆ. ನಮ್ಮ ಹಿರಿಯರು ಇದನ್ನೇ ‘ಪುಸ್ತಕದ ಬದನೆಕಾಯಿ’ ಎಂದರು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯನ್ನೂ ಕೊಟ್ಟರು. ಕಲ್ಯಾಣದ ಶರಣರು ಅಳೆದದ್ದೂ ನಡೆ ನುಡಿ ಒಂದಾಗಿವೆಯೇ ಎಂದು. ಮನೆಯಲ್ಲಿ ವಚನ, ಗೀತೆ, ಕುರಾನ್‌ಗಳನ್ನು ಓದುವ ನೆರೆಯವರಿಗೂ ಈ ಪರೀಕ್ಷೆ ತಪ್ಪಿದ್ದಲ್ಲ.

ನಿತ್ಯ ಜೀವನಕ್ಕೆ ಅನ್ವಯ ಎಂದೊಡನೆ ದೊಡ್ಡ ತ್ಯಾಗಗಳು ನೆನಪಿಗೆ ಬರುತ್ತವೆ. ಶಾಸ್ತ್ರ ಕೇಳುವುದಾದರೋ ಬಹುಮಟ್ಟಿಗೆ ಸಣ್ಣ ಲೆಕ್ಕಗಳನ್ನು. ಚೀಲದಲ್ಲಿ ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು ಎಂದು ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಬೆಳಗಾವಿಯ ತರಕಾರಿ ಹರಡಿಕೊಂಡು ಕುಳಿತವರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಲೂಕನ ಸುವಾರ್ತೆಯ ಸುಂಕದವನಾದ ಜಕ್ಕಾಯನು ಯೇಸು ತನ್ನ ಮನೆಗೆ ಬಂದ ದಿನವೇ ಅನ್ಯಾಯವಾಗಿ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಅವನ ಪಶ್ಚಾತ್ತಾಪಕ್ಕೆ ಅಂಕಿಸಂಖ್ಯೆಯಿತ್ತು.

ಇನ್ನು ‘ಪರದೇಶಿ’ ಎಂಬ ಪದವನ್ನು ನೋಡೋಣ. ನಮ್ಮ ಆಡುಮಾತಿನಲ್ಲಿ ಅದಕ್ಕೆ ದಿಕ್ಕಿಲ್ಲದವನು ಎಂಬ ಅರ್ಥವೂ ಉಂಟು. ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯವು ನಿಮ್ಮ ನಡುವೆ ಬಂದು ನೆಲೆಸಿದ ಹೊರಗಿನವನನ್ನು ಸ್ವಂತದವನಂತೆಯೇ ಪ್ರೀತಿಸಬೇಕೆಂದು ಹೇಳಿ, ಅದಕ್ಕೆ ಕಾರಣವನ್ನೂ ಕೊಡುತ್ತದೆ: ನೀವೂ ಐಗುಪ್ತದಲ್ಲಿ ಹೊರಗಿನವರಾಗಿದ್ದವರು. ಗೋವೆಯ ಕನ್ನಡಿಗನು ಈ ಮಾತನ್ನು ಕೇಳಿದಾಗ ಮೊದಲು ತನ್ನ ನೋವು ನೆನಪಾಗುತ್ತದೆ. ಘಟ್ಟದ ಮೇಲಿನವನೆಂದು ‘ಘಾಂಟಿ’ ಎಂದು ಕರೆಸಿಕೊಂಡದ್ದು, ಬಾಡಿಗೆ ಮನೆಗಾಗಿ ಅಲೆದದ್ದು ಕಣ್ಣೆದುರು ಬರುತ್ತವೆ. ಈ ನೋವು ನಿಜವಾದದ್ದೇ. ಆದರೆ ಆ ವಾಕ್ಯ ನೋವನ್ನು ನೆನಪಿಸಿ ಅಲ್ಲಿಯೇ ನಿಲ್ಲುವುದಿಲ್ಲ. ನೀನು ಪಟ್ಟದ್ದನ್ನು ಇನ್ನೊಬ್ಬನಿಗೆ ಕೊಡಬೇಡವೆನ್ನುತ್ತದೆ. ಈಚಿನ ವರ್ಷಗಳಲ್ಲಿ ಒಡಿಶಾ, ಬಿಹಾರ, ಝಾರ್ಖಂಡಗಳಿಂದ ಕೆಲಸ ಹುಡುಕಿ ಬಂದ ಹುಡುಗರು ನಮ್ಮದೇ ಮೇಸ್ತ್ರಿಗಳ ಕೈಕೆಳಗೆ ಕಲ್ಲು ಹೊರುತ್ತಿದ್ದಾರೆ. ನಾವು ಅವರನ್ನು ಏನೆಂದು ಕರೆಯುತ್ತೇವೆ? ಅವರ ಪಗಾರ ಎಂದು ಕೊಡುತ್ತೇವೆ?

ಒಂದು ಎಚ್ಚರಿಕೆಯನ್ನೂ ಹೇಳದಿರಲಾಗದು. ಓದಿದ ವಾಕ್ಯವನ್ನು ಇನ್ನೊಬ್ಬರ ಮೇಲೆ ಪ್ರಯೋಗಿಸುವುದು ಬಹಳ ಸುಲಭ. ಹೆಂಡತಿಯ ಬಾಯಿ ಮುಚ್ಚಿಸಲು ಗಂಡನು, ಸೊಸೆಯನ್ನು ಕುಗ್ಗಿಸಲು ಅತ್ತೆಯು, ಮಕ್ಕಳನ್ನು ಹೆದರಿಸಲು ತಂದೆತಾಯಿಗಳು ವಚನವನ್ನು ಬಡಿಗೆಯಂತೆ ಎತ್ತಿದ್ದುಂಟು. ಕುಡಿದು ಬಂದು ಹೊಡೆಯುವ ಮನೆಯಲ್ಲಿ ‘ತಾಳಿಕೋ’ ಎಂಬ ಉಪದೇಶಕ್ಕೆ ಶಾಸ್ತ್ರವನ್ನು ಎಳೆತರುವುದು ಘೋರ ಅನ್ಯಾಯ. ಅನ್ವಯವೆಂಬುದು ಮೊದಲು ಓದಿದವನಿಗೆ ಮತ್ತು ಕೇಳಿದವನಿಗೆ ಸ್ವಂತವಾಗಿ ಸಲ್ಲಬೇಕು. ಅದು ಬಲವುಳ್ಳವನ ಕೈಯನ್ನು ಕಟ್ಟಬೇಕೇ ಹೊರತು ನೊಂದವರ ಬಾಯನ್ನಲ್ಲ.

ಮನೆಯಲ್ಲಿ ಹೇಗೆ ತೊಡಗುವುದು?

ಬೈಬಲ್ಲಿನಲ್ಲಿ ಒಟ್ಟು 1189 ಅಧ್ಯಾಯಗಳಿವೆ. ಒಂದು ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಬೇಕು. ಸ್ಕಾಟ್ಲೆಂಡಿನ ಡಂಡಿಯ ಪಾದ್ರಿ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಗೆ ಅಂಥ ಒಂದು ವಾಚನಕ್ರಮವನ್ನೇ ಹಾಕಿಕೊಟ್ಟಿದ್ದನು. ಆದರೆ ದಣಿದು ಬಂದ ಮನೆಗೆ ಆ ಅವಸರ ಬೇಡ. ಮಾರ್ಕನ ಸುವಾರ್ತೆಯಲ್ಲಿ ಹದಿನಾರು ಅಧ್ಯಾಯಗಳಿವೆ. ದಿನಕ್ಕೆ ಅರ್ಧ ಅಧ್ಯಾಯದಂತೆ ಓದಿದರೂ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಜ್ಞಾನೋಕ್ತಿಗಳಲ್ಲಿ ಮೂವತ್ತೊಂದು ಅಧ್ಯಾಯಗಳಿರುವುದರಿಂದ ತಾರೀಖು ನೋಡಿ ಅಂದಿನ ಅಧ್ಯಾಯದ ನಾಲ್ಕು ಸಾಲು ಓದಬಹುದು.

ಮಗು ಓದಲಿ, ತಪ್ಪಿದರೆ ಗದರಿಸಬೇಡಿ. ಓದಿದ್ದನ್ನು ಮನೆಯ ಮಾತಿನಲ್ಲಿ ಹೇಳಲು ಬಿಡಿ. ಗ್ರಂಥದ ಕನ್ನಡವು ರೊಟ್ಟಿ ಬಡಿಯುವ ಅವ್ವನ ಕನ್ನಡವಾಗುವ ಆ ಗಳಿಗೆಯಲ್ಲಿ ಮಗುವಿಗೆ ಎರಡೂ ಕನ್ನಡಗಳು ದಕ್ಕುತ್ತವೆ. ಶಾಲೆಯ ಪಾಠಕ್ಕೂ ಅದು ನೆರವಾಗುತ್ತದೆ. ಬಳಿಕ ಹಿರಿಯರಲ್ಲಿ ಒಬ್ಬರು ಇಷ್ಟು ಕೇಳಿದರೆ ಸಾಕು: ನಾಳೆ ಇದೇ ಹೊತ್ತಿಗೆ ಮೊದಲು ನಾನು ಯಾರಿಗೆ ಏನು ಮಾಡಬೇಕು? ಉತ್ತರದಲ್ಲಿ ಒಬ್ಬರ ಹೆಸರಿರಬೇಕು, ಒಂದು ಕೆಲಸವಿರಬೇಕು. ‘ಎಲ್ಲರನ್ನೂ ಪ್ರೀತಿಸುತ್ತೇನೆ’ ಎಂಬ ಉತ್ತರ ಸಾಲದು. ‘ಪಕ್ಕದ ಮನೆಯ ಅಜ್ಜಿಗೆ ನೀರು ತಂದುಕೊಡುತ್ತೇನೆ’ ಎಂಬುದು ಸಾಕು. ಮರುದಿನ ಪುಸ್ತಕ ತೆರೆಯುವ ಮುನ್ನ ನಿನ್ನೆಯದು ಆಯಿತೇ ಎಂದು ವಿಚಾರಿಸಿ. ಆಗದಿದ್ದರೆ ಹಾಗೆಂದು ಒಪ್ಪಿಕೊಳ್ಳಿ. ತಂದೆಯು ಮಗುವಿನೆದುರು ‘ನಿನ್ನೆ ನನ್ನಿಂದ ಆಗಲಿಲ್ಲ’ ಎಂದು ಹೇಳುವುದು ಸಹ ಒಂದು ಪಾಠವೇ.

ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಸೆರೆಯಿಂದ ಮರಳಿದ ಜನರು ಚೌಕದಲ್ಲಿ ನೆರೆಯುತ್ತಾರೆ. ಎಜ್ರನು ಧರ್ಮಶಾಸ್ತ್ರವನ್ನು ಓದುತ್ತಾನೆ. ಲೇವಿಯರು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ. ತಿಳಿದಾಗ ಜನರಿಗೆ ಅಳು ಬರುತ್ತದೆ. ಆಗ ಅವರಿಗೆ ಸಿಕ್ಕ ಅಪ್ಪಣೆ ಅಳಬೇಡಿರೆಂದು. ಮನೆಗೆ ಹೋಗಿ ಉಣ್ಣಿರಿ, ಏನೂ ಸಿದ್ಧವಿಲ್ಲದವರಿಗೂ ಪಾಲು ಕಳುಹಿಸಿರಿ ಎಂದು. ಓದಿನ ಮುಂದಿನ ಹೆಜ್ಜೆ ಬಡವರ ಮನೆಗೆ ಹೋಗುವ ಬುತ್ತಿಯಾಯಿತು.

ನಾವು ಊಹಿಸಿಕೊಂಡ ಆ ಮನೆಗೆ ಮರಳೋಣ. ಊಟವಾಗಿದೆ. ಮಗಳು ನಾಳೆಯ ಲೆಕ್ಕ ಮಾಡುತ್ತ ಕುಳಿತಿದ್ದಾಳೆ. ತಂದೆ ಗೋಡೆಯ ಗೂಟದಲ್ಲಿ ನೇತುಹಾಕಿದ್ದ ಅಂಗಿಯನ್ನು ತೊಟ್ಟು, ಜೇಬು ಮುಟ್ಟಿ ನೋಡಿಕೊಂಡು, ಚಪ್ಪಲಿ ಮೆಟ್ಟುತ್ತಾನೆ. ಈ ಹೊತ್ತಿನಲ್ಲಿ ಎಲ್ಲಿಗೆಂದು ಹೆಂಡತಿ ಕೇಳುತ್ತಾಳೆ. “ಆ ಹುಡುಗ್ರ ಖೋಲಿಗೆ ಹೋಗಿ ಬರ್ತೀನಿ. ಬಟವಾಡಿ ಕೊಡೂದೈತಿ,” ಎನ್ನುತ್ತಾನೆ. ಊರಿನ ಸಾಲಕ್ಕೆ ಇನ್ನೊಂದು ವಾರ ತಡವಾಗಲಿದೆ. ಅದರ ಚಿಂತೆ ಹಾಗೆಯೇ ಇದೆ.

ಮಗಳು ತಲೆ ಎತ್ತಿ ಬಾಗಿಲ ಕಡೆ ನೋಡುತ್ತಾಳೆ. ಸಂಜೆ ತಾನು ತೊಡರುತ್ತ ಓದಿದ ಸಾಲು ಚಪ್ಪಲಿ ಮೆಟ್ಟಿ ಹೊರಟದ್ದನ್ನು ಅವಳು ಕಂಡಿದ್ದಾಳೆ. ನಾಳೆ ಅವಳು ಇನ್ನೂ ಸ್ವಲ್ಪ ಗಟ್ಟಿಯಾಗಿ ಓದುತ್ತಾಳೆ.